ಫ್ಯಾನ್ ನಿಲ್ಲಿಸಲು ಮಾತ್ರೆ ನಿಲ್ಲಿಸಿದ ಹಿರಿಯ ಗುಮಾಸ್ತರ ಕುರಿತು

ದಾಖಲೆ ವಿಭಾಗ, ಎರಡನೇ ಮಹಡಿ
ಸಂಖ್ಯೆ: ದಾವಿ/ಫ್ಯಾನ್/5/ಅತಿ ತುರ್ತು

ವಿಷಯ: ಹಿರಿಯ ಗುಮಾಸ್ತರ ಸೆಖೆಯನ್ನು ಇಡೀ ವಿಭಾಗವು ಸಮನಾಗಿ ಸಹಿಸಿಕೊಳ್ಳುವ ಬಗ್ಗೆ.

ಉಲ್ಲೇಖ: 1. ಫ್ಯಾನಿನ ವಿರುದ್ಧ ಸಿಬ್ಬಂದಿ ಸಲ್ಲಿಸಿರುವ ಹನ್ನೊಂದು ದೂರುಗಳು.
2. ಹಿರಿಯ ಗುಮಾಸ್ತರ ನಿನ್ನೆಯ ಮೌಖಿಕ ಹೇಳಿಕೆ: “ನನ್ನೊಬ್ಬನ ಸೆಖೆಗೆ ನಿಮಗೆಲ್ಲ ಯಾಕೆ ನೆಗಡಿ? ಒಂಬತ್ತು ದಿನ ಆಯ್ತು, ಮಾತ್ರೇನೇ ಬಿಟ್ಟಿದ್ದೀನಿ.”

ಪ್ರಾಸ್ಟೇಟ್ ಕ್ಯಾನ್ಸರಿನ ಮುಂದುವರಿದ ಹಂತದಲ್ಲಿರುವ ಹಿರಿಯ ಗುಮಾಸ್ತರಿಗೆ ಗಂಡು ಹಾರ್ಮೋನನ್ನು ಕಟ್ಟಿಹಾಕುವ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಿರುತ್ತಾರೆ. ಸದರಿ ಮಾತ್ರೆಯಿಂದ ದಿನಕ್ಕೆ ಆರೇಳು ಬಾರಿ ಅವರ ಮೈ ಏಕಾಏಕಿ ಕಾದು ಬೆವರುವುದೂ, ಫ್ಯಾನ್ ಐದಕ್ಕೇರುವುದೂ, ಕಡತದ ಹಾಳೆಗಳು ಪಕ್ಕದ ವಿಭಾಗದ ಪಾಲಾಗುವುದೂ ಗಮನಕ್ಕೆ ಬಂದಿದೆ. ಆದರೆ ಮಾತ್ರೆ ತಪ್ಪಿದರೆ ರೋಗ ತಲೆ ಎತ್ತುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲು, ಅದೂ ಬೇರೆಯವರ ನೆಗಡಿಗೆ, ನಿಯಮಾವಳಿಯಲ್ಲಿ ಅವಕಾಶವಿರುವುದಿಲ್ಲ. ಆದ್ದರಿಂದ ಈ ಕೆಳಕಂಡಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ:

1. ಹಿರಿಯ ಗುಮಾಸ್ತರು ಕಾಲರ್ ಸಡಿಲಿಸಿದ ಕೂಡಲೇ, ಲಿಖಿತ ಕೋರಿಕೆಗೆ ಕಾಯದೆ, ಫ್ಯಾನನ್ನು ಐದಕ್ಕೆ ಏರಿಸತಕ್ಕದ್ದು.

2. ಹಾಳೆಗಳ ಮೇಲೆ ಭಾರ ಇಡತಕ್ಕದ್ದು. ಪೇಪರ್‌ವೆಯ್ಟ್ ಸಾಲದಿದ್ದಲ್ಲಿ ಊಟದ ಡಬ್ಬಿ, ಅದೂ ಸಾಲದಿದ್ದಲ್ಲಿ ಮೊಣಕೈ. ಎರಡೂ ಮೊಣಕೈ ಬಳಕೆಯಲ್ಲಿರುವ ಅವಧಿಯನ್ನು ಕರ್ತವ್ಯವೆಂದೇ ಪರಿಗಣಿಸಲಾಗುವುದು.

3. ಚಳಿಯಾಗುವವರು ಸ್ವೆಟರ್ ಧರಿಸಬಹುದು. ಹಲ್ಲು ಕಟಕಟಿಸುವುದನ್ನು ಟೈಪಿಂಗ್ ಸದ್ದಿನೊಳಗೇ ಮುಗಿಸಿಕೊಳ್ಳತಕ್ಕದ್ದು.

4. ಸದರಿ ಮಾತ್ರೆಯಿಂದ ಸುಸ್ತು, ಮೂಳೆ ಸವೆತ ಹಾಗೂ ಬೀಳುವ ಅಪಾಯ ಉಂಟೆಂದು ವೈದ್ಯರು ತಿಳಿಸಿರುವುದರಿಂದ, ಹಿರಿಯ ಗುಮಾಸ್ತರು ಏಣಿ ಹತ್ತುವುದನ್ನು ನಿಷೇಧಿಸಲಾಗಿದೆ. ಮೇಲಿನ ಕಪಾಟಿನ ಕಡತಗಳು ತಾವಾಗಿ ಇಳಿದು ಬಾರದಿದ್ದಲ್ಲಿ ಜವಾನರು ಇಳಿಸತಕ್ಕದ್ದು.

5. ರಕ್ತಪರೀಕ್ಷೆಯ ದಿನ ‘ಕೈತುಂಬ ಕೆಲಸ’ ಎಂಬ ಕಾರಣವನ್ನು ಒಪ್ಪಲಾಗದು. ಅವರ ಮೇಜಿನ ಮೇಲೆ ಎಷ್ಟು ಕೆಲಸವಿದೆ ಎಂಬುದು ಎಲ್ಲರಿಗೂ ಕಾಣುತ್ತಿದೆ.

6. ಮಾತ್ರೆ ನಿಲ್ಲಿಸುವ ಅಥವಾ ಬದಲಿಸುವ ಅಧಿಕಾರ ವೈದ್ಯರಿಗೆ ಮಾತ್ರ ಇರುತ್ತದೆ. ಬಿಟ್ಟುಹೋದ ಮಾತ್ರೆಗಳನ್ನು ಬಾಕಿ ಕಡತಗಳಂತೆ ಒಂದೇ ದಿನ ನುಂಗಿ ವಿಲೇವಾರಿ ಮಾಡಬಾರದು. ಹಿರಿಯ ಗುಮಾಸ್ತರು ಇಂದೇ ವೈದ್ಯರನ್ನು ಕಾಣತಕ್ಕದ್ದು. ಅವರ ಪರವಾಗಿ ರಜೆ ಅರ್ಜಿಯನ್ನು ಬರೆದು, ಮಂಜೂರು ಸಹ ಮಾಡಲಾಗಿದೆ.

7. ಅವರಿಲ್ಲದ ವಿಭಾಗ ತಮಗೆ ಬೇಡವೆಂದು ಹನ್ನೊಂದೂ ದೂರುದಾರರು ಒಮ್ಮತದಿಂದ ದಾಖಲಿಸಿ, ದೂರುಗಳನ್ನು ಹಿಂಪಡೆದಿರುತ್ತಾರೆ.

(ಸಹಿ, ಚಳಿಗೆ ಅಂಕುಡೊಂಕಾಗಿದ್ದು, ಅಸಲಿಯೇ ಇರುತ್ತದೆ)
ವಿಭಾಗಾಧಿಕಾರಿ

ಪ್ರತಿಗಳು:
1. ವೈದ್ಯರಿಗೆ, ಮುಂದಿನ ಕ್ರಮಕ್ಕಾಗಿ.
2. ಪಕ್ಕದ ವಿಭಾಗಕ್ಕೆ, ಹಾರಿಬಂದ ಹಾಳೆಗಳನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ.
3. ಹಿರಿಯ ಗುಮಾಸ್ತರ ಹೆಂಡತಿಯವರಿಗೆ. ಒಂಬತ್ತು ದಿನದ ವಿಷಯ ಅವರಿಗೆ ಇನ್ನೂ ತಿಳಿದಿಲ್ಲವಾದ್ದರಿಂದ, ಈ ಪ್ರತಿಯನ್ನು ಹಿರಿಯ ಗುಮಾಸ್ತರೇ ಖುದ್ದಾಗಿ ಕೊಟ್ಟು, ಅವರು ಓದಿ ಮುಗಿಸುವವರೆಗೆ ಎದುರಿಗೇ ನಿಂತಿದ್ದು, ಸ್ವೀಕೃತಿ ಸಹಿ ಪಡೆದು ಬರತಕ್ಕದ್ದು.