ಹಿತ್ತಾಳೆಯದಾದರೂ ಹಿತ್ತಾಳೆಯಲ್ಲದ ಸ್ಯಾಕ್ಸೋಫೋನಿನ ಕುರಿತು

ಕಾರ್ಖಾನೆಯ ಬ್ಯಾಂಡಿನ ವಾದ್ಯ ಉಗ್ರಾಣದ ಮೇಲ್ವಿಚಾರಕರ ಸನ್ನಿಧಾನಕ್ಕೆ,

ಮಾನ್ಯರೇ,

ವಿತ್ ರೆಫರೆನ್ಸ್ ಟು ದಿ ಅಬೌವ್, ಮೇಲೆ ಏನೂ ಇಲ್ಲವಾದರೂ ಕಾಲೇಜಿನಲ್ಲಿ ಪತ್ರ ಹೀಗೆಯೇ ಶುರುವಾಗುತ್ತಿದ್ದುದರಿಂದ, ತಮ್ಮ ತುಟಿ, ನಾಲಿಗೆ, ಶ್ವಾಸಕೋಶಗಳ ಕುಶಲವನ್ನು ಹಾರೈಸಿ, ಬ್ಯಾಂಡಿನ ಹಿತ್ತಾಳೆ ಸಾಲಿನಲ್ಲಿ ಎರಡನೇ ಯೂಫೋನಿಯಂ ಊದುವ ನಾನು ಬಿನ್ನವಿಸುವುದೇನೆಂದರೆ:

ಸಿಕ್ಕ ಕಪಾಟಿನಲ್ಲಿ ಸಿಕ್ಕ ವಾದ್ಯ ತುರುಕುತ್ತಿದ್ದ ನಮ್ಮ ಅನಾಗರಿಕತೆಯನ್ನು ತಾವು ಬಂದ ವಾರದಲ್ಲೇ ಕೊನೆಗಾಣಿಸಿದಿರಿ. ಕಾರ್ನೆಟ್ ಮೇಲಿನ ಹಲಗೆಗೆ, ಟೆನರ್ ಹಾರ್ನ್ ನಡುವಿಗೆ, ಟ್ಯೂಬಾ ನೆಲಕ್ಕೆ. ಸ್ವರ ಇಳಿದಂತೆ ಹಲಗೆಯೂ ಇಳಿಯುವ ಈ ವ್ಯವಸ್ಥೆಯಿಂದ, ಸೊಂಟ ಹಿಡಿದಿರುವ ನಮ್ಮ ಟ್ಯೂಬಾದವರು ದಿನಾ ತಮಗೆ ಬಗ್ಗಿ ನಮಸ್ಕರಿಸುವಂತಾಗಿದೆ.

ವಾದ್ಯಗಳ ವಿವರಕ್ಕೆಂದು ತಾವು ಹಂಚಿದ ಫಾರಂ ತುಂಬುವಾಗ ನನ್ನಿಂದ ತಪ್ಪಾಯಿತು. 'ರೇಂಜ್' ಎಂಬಲ್ಲಿ 'ಬಸ್ ನಿಲ್ದಾಣದವರೆಗೂ ಕೇಳಿಸುತ್ತದೆ' ಎಂದೂ, 'ಕುಟುಂಬ' ಎಂಬಲ್ಲಿ 'ಹೆಂಡತಿ ತೀರಿಕೊಂಡು ಎರಡು ವರ್ಷ, ಒಬ್ಬಳು ಮಗಳು' ಎಂದೂ ಬರೆದೆ. ತಾವದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಹಿತ್ತಾಳೆ' ಎಂದು ತಿದ್ದಿದಿರಿ. ವಿಷಯ ತಿಳಿಸಿದಾಗ ಮಗಳು ಹೆಚ್ಚೇನೂ ಬೇಸರಿಸಲಿಲ್ಲ.

ಆದರೆ ಇದೇ ಬ್ಯಾಂಡಿನಲ್ಲಿ ನನ್ನವಳು ನುಡಿಸುತ್ತಿದ್ದ, ನಾನು ಊದುವುದು ಸಂಗೀತವಲ್ಲ ನಿಟ್ಟುಸಿರೆಂದು ಅಣಕಿಸುತ್ತಲೇ ಇಪ್ಪತ್ತಾರು ವರ್ಷ ನನ್ನ ಯೂಫೋನಿಯಂ ಪಕ್ಕದಲ್ಲೇ ಇಟ್ಟುಹೋಗುತ್ತಿದ್ದ ಸ್ಯಾಕ್ಸೋಫೋನನ್ನು, ಮೈಯೆಲ್ಲ ಹಿತ್ತಾಳೆಯಾದರೂ ಮರದ ವಾದ್ಯಗಳ ಕುಟುಂಬದ್ದೆಂದು, ಸೋಮವಾರ ಇನ್ನೊಂದು ಶಾಖೆಗೆ ಸಾಗಿಸಲಿದ್ದೀರಿ. ಕೇಳಿದ್ದಕ್ಕೆ ತಾವು ತಾಳ್ಮೆಯಿಂದ, "ಲೋಹ ನೋಡ್ಬಾರ್ದು ಯಜಮಾನ್ರೇ, ಅದುರೋದು ಯಾವ್ದು ಅಂತ ನೋಡ್ಬೇಕು. ಇದ್ರಲ್ಲಿ ಅದುರೋದು ಬಾಯಿಗಿಡೋ ಬೆತ್ತದ ಪಟ್ಟಿ. ತುಟಿ ಅದುರಿದ್ರೆ ಮಾತ್ರ ಹಿತ್ತಾಳೆ" ಎಂದಿರಿ.

ಈ ವಿಶಾಲ ತತ್ತ್ವಕ್ಕೆ ತಲೆಬಾಗಿ ಒಂದೇ ಒಂದು ಪುರಾವೆ ಸಲ್ಲಿಸುತ್ತೇನೆ. ನಿನ್ನೆ ಬೀಳ್ಕೊಡಲೆಂದು ಅದರ ಪೆಟ್ಟಿಗೆ ತೆರೆದೆ. ಊದಲಿಲ್ಲ, ಮುಟ್ಟಲೂ ಇಲ್ಲ. ತುಟಿ ಅದುರಿತು. ಟ್ಯೂಬಾದವರೇ ಸಾಕ್ಷಿ, ಅವರು ಆಗ ಬಗ್ಗಿಯೇ ಇದ್ದರು.

ಆದ್ದರಿಂದ ತಮ್ಮದೇ ನಿಯಮದಂತೆ ಅದನ್ನು ಹಿತ್ತಾಳೆಯೆಂದು ತಿದ್ದಿ ನನ್ನ ವಾದ್ಯದ ಪಕ್ಕದಲ್ಲೇ ಉಳಿಸಬೇಕಾಗಿಯೂ, ಆಗದಿದ್ದಲ್ಲಿ ನನ್ನನ್ನೂ ಮರವೆಂದು ನಮೂದಿಸಿ ಸೋಮವಾರದ ಗಾಡಿಯಲ್ಲೇ ಕಳಿಸಬೇಕಾಗಿಯೂ ಪ್ರಾರ್ಥನೆ.

ತುಟಿಯಲ್ಲಿ ಕಸುವಿರುವವರೆಗೂ
ತಮ್ಮ ವಿಶ್ವಾಸಿ,
ಎರಡನೇ ಯೂಫೋನಿಯಂ

ವಿ.ಸೂ.: ನನ್ನ ಫಾರಂನ 'ಕುಟುಂಬ' ಓದಿ ಹೊಡೆದುಹಾಕುವಾಗ ತಮ್ಮ ತುಟಿ ಒಂದಿಷ್ಟೂ ಅಲುಗಲಿಲ್ಲ. ತಮ್ಮನ್ನು ಯಾವ ಹಲಗೆಯಲ್ಲಿಡಬೇಕೆಂದು ಬ್ಯಾಂಡಿನವರೆಲ್ಲ ಯೋಚಿಸುತ್ತಿದ್ದೇವೆ.