ವಶೀಕರಣಕ್ಕೆ ಕೊಂಡ ಪುಸ್ತಕ

ಪುಸ್ತಕ ಆರಿಸುವುದರಲ್ಲಿ ನಾನು ಜಾಣನೆಂದು ಯಾರೂ ಹೇಳಿಲ್ಲ, ನಾನೂ ಹೇಳಿಕೊಂಡಿಲ್ಲ. ಅಡುಗೆ ಪುಸ್ತಕ ತಂದರೆ ಅದರಲ್ಲಿ ನಮ್ಮ ಕಡೆ ಸಿಗದ ಕಾಯಿಪಲ್ಲೆಗಳೇ ಇರುತ್ತವೆ. ಪಂಚಾಂಗ ತಂದರೆ ಅದು ಹೋದ ವರ್ಷದ್ದಾಗಿರುತ್ತದೆ. ಇವನ್ನೆಲ್ಲ ಹೇಗೋ ಸಹಿಸಬಹುದು. ಹೆಂಡತಿಯನ್ನು ವಶಮಾಡಿಕೊಳ್ಳಲು ಮಂತ್ರದ ಪುಸ್ತಕ ಆರಿಸಹೋದದ್ದು ಮಾತ್ರ ಇವತ್ತಿಗೂ ನುಂಗಲಾರದ ತುತ್ತು.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಒಂದೆರಡು ವರ್ಷವಾಗಿತ್ತು. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದ ಶಾಲೆಯಲ್ಲಿ ಕಲಿತವನಾದ್ದರಿಂದ ಉರ್ದು ಎಂದರೆ ನೀರು ಕುಡಿದಷ್ಟು ಸಲೀಸು. ಮಾತು ಕನ್ನಡ, ಬೈಗುಳ ಕನ್ನಡ, ಬೀಳುವ ಕನಸೂ ಕನ್ನಡ. ಓದಲು ಮಾತ್ರ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ನನ್ನಂಥವರು ಆಗ ಓಣಿ ಓಣಿಯಲ್ಲೂ ಇದ್ದರು, ಅದರಲ್ಲೇನೂ ನಾಚಿಕೆ ಇರಲಿಲ್ಲ. ಆದರೆ ಕಮಲಾಪುರಕ್ಕೆ ಹೆಣ್ಣು ನೋಡಲು ಹೋದಾಗ ಮುಂದೆ ಮಾವನಾದವರು, "ನಮ್ಮ ಶರಣಮ್ಮ ಮಠದಾಗ ಕನ್ನಡ ಕಲ್ತಾಳ್ರಿ. ನಿಮಗ ಓದ್ಲಾಕ ಬರ್ತದಲ್ಲ?" ಎಂದು ಕೇಳಿದರು. ನಾನು ಮೀಸೆ ತಿರುವಿ, "ತಾಯಿ ಭಾಷಾ ಬರ್ಲಾರ್ದೆ ಇರ್ತದೇನ್ರಿ?" ಅಂದುಬಿಟ್ಟೆ. ಮದುವೆಯಾಯಿತು. ಆ ಸುಳ್ಳೂ ನಮ್ಮ ಜೊತೆ ಸಂಸಾರ ಹೂಡಿತು.

ಎರಡನೇ ವರ್ಷ ಒಂದು ದಿನ, ರೊಟ್ಟಿ ದಪ್ಪವಾಗಿದೆಯೆಂದು ತಟ್ಟೆ ಸರಿಸಿ ಎದ್ದೆ. "ತೆಳ್ಳಗ ಬಡಿಯಾಕೀನ ತಂದ್ಕೋರಿ" ಎಂದು ಶರಣಮ್ಮ ತವರಿಗೆ ಹೋದಳು. ತಾನಾಗಿ ಹೋದವಳು ತಾನಾಗಿಯೇ ಬರಲಿ ಎಂದು ನಾನು ಬಿಗಿದುಕೊಂಡು ಕೂತೆ. ಕೆಲವು ದಿನದ ಮೇಲೆ ಬಂಡಿ ಹೊಡೆಯುವ ಮಲ್ಲಪ್ಪ ಕಮಲಾಪುರದಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು, ಜೊತೆಗೊಂದು ಕಾಗದ ತಂದುಕೊಟ್ಟ. "ಎಲ್ಲಾ ಕಾಗದದಾಗ ಬರ್ದಾರಂತ್ರಿ" ಅಂದ. ಓದಿದ ಅಳಿಯನಿಗೆ ಬಾಯಿಮಾತಿನಲ್ಲಿ ಹೇಳಿ ಕಳಿಸುವುದು ಅವರಿಗೂ ಸರಿಕಂಡಿರಲಿಕ್ಕಿಲ್ಲ. ಹಣ್ಣು ತಿಂದೆ. ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಅಕ್ಷರಗಳು ದುಂಡಗಿದ್ದರೂ ನನಗೆ ಬೈಗುಳದ ಹಾಗೆಯೇ ಕಂಡವು. ಅರ್ಜಿ ಬರೆಸಲು ಓಣಿಯೇ ನನ್ನ ಹತ್ತಿರ ಬರುವಾಗ ನಾನು ಹೆಂಡತಿಯ ಕಾಗದ ಹಿಡಿದು ಯಾರ ಮನೆ ಬಾಗಿಲಿಗೆ ಹೋಗಲಿ? ಟ್ರಂಕಿನಲ್ಲಿ ಹಾಕಿದೆ. ಮುಂದಿನ ನಾಲ್ಕೈದು ತಿಂಗಳಲ್ಲಿ ಇನ್ನೆರಡು ಬಂದವು. ಅವೂ ಟ್ರಂಕು ಸೇರಿದವು.

ಅಷ್ಟರಲ್ಲಿ ಮನೆ ಬಣಬಣ ಎನ್ನತೊಡಗಿತ್ತು. ಹೋಗಿ ಕರೆಯಲು ಸೊಕ್ಕು ಬಿಡದು, ಕರೆಯದೆ ಇರಲು ಜೀವ ಕೇಳದು. ಇಂಥವರಿಗಾಗಿಯೇ ಮಂತ್ರ ಹುಟ್ಟಿರುವುದು. ಮೋಮಿನಪುರದಲ್ಲಿ ಹಳೆಯ ಪುಸ್ತಕ ಮಾರುವ ಮುದುಕರೊಬ್ಬರಿದ್ದರು. ಎಲ್ಲರೂ ಬಡೇಮಿಯಾ ಎನ್ನುತ್ತಿದ್ದರು. ದೋಸ್ತನೊಬ್ಬನಿಗೆ ವಶೀಕರಣದ ಪುಸ್ತಕ ಬೇಕಾಗಿದೆ ಎಂದೆ.

"ಎಲ್ರೂ ದೋಸ್ತನ ಸಲುವಾಗೇ ಒಯ್ತಾರ್ರಿ ಸಾಬ್" ಎಂದು ಮೂರು ಪುಸ್ತಕ ಹರವಿದರು.

ಉರ್ದು ಪುಸ್ತಕದ ಮೊದಲ ಶರತ್ತೇ ನಲವತ್ತು ದಿನ ಸಿಟ್ಟು ಮಾಡಬಾರದೆಂಬುದು. ನಲವತ್ತು ದಿನ ಸಿಟ್ಟಿಲ್ಲದೆ ಇರಬಲ್ಲವನ ಹೆಂಡತಿ ತವರಿಗೆ ಯಾಕೆ ಹೋಗುತ್ತಾಳೆ? ಕೆಳಗಿಟ್ಟೆ. ಮರಾಠಿಯದಕ್ಕೆ ಗೂಬೆಯ ಗರಿ ಬೇಕಂತೆ. ಗೂಬೆಯನ್ನು ಹಿಡಿಯಬಲ್ಲ ಗಂಡಸು ನಾನಲ್ಲ. ಉಳಿದದ್ದು ಕನ್ನಡದ್ದು. "ಇದನ್ನೇ ಒಯ್ರಿ ಸಾಬ್. ಹೆಣ್ಮಗಳು ಕನ್ನಡದಾಕಿ ಇದ್ರ ಉರ್ದು ಮಂತ್ರ ಆಕೀಗಿ ಹ್ಯಾಂಗ ತಿಳೀಬೇಕು?" ಎಂದರು ಬಡೇಮಿಯಾ. ಮಾತು ನನಗೂ ನ್ಯಾಯವೆನಿಸಿತು. "ಖರೆ, ಒಂದಕ್ಷರ ತಪ್ಪಿದ್ರ ಮಂತ್ರ ಅಂದವಗೇ ತಿರುಗ್ತದ ನೋಡ್ರಿ" ಎಂದು ಸೇರಿಸಿ, ನನ್ನ ಮುಖ ನೋಡಿ, ಮತ್ತೇನೂ ಕೇಳದೆ ಮಕ್ಕಳ ಕನ್ನಡ ಅಂಕಲಿಪಿಯೊಂದನ್ನು ಅದರ ಮೇಲಿಟ್ಟರು. "ಇದೂ ದೋಸ್ತಗ."

ರಜೆಯ ದಿನ ಬಾಗಿಲು ಹಾಕಿಕೊಂಡು ಅ, ಆ ತಿದ್ದಿದೆ. ಮಾತು ಗೊತ್ತಿದ್ದುದರಿಂದ ತಿಂಗಳೊಳಗೆ ಅಕ್ಷರ ಕೂಡಿಸಿ ಓದುವಂತಾದೆ. ಮಂತ್ರದ ಪುಸ್ತಕ ತೆರೆದರೆ ಒಂದೊಂದು ಅಕ್ಷರದ ಕಾಲಿಗೂ ಇನ್ನೆರಡು ಅಕ್ಷರ ಜೋತುಬಿದ್ದಿದ್ದವು. ಮೊದಲು ಸುಲಭದ್ದೇನಾದರೂ ಓದಿ ಪಳಗೋಣವೆಂದು ಹುಡುಕಿದೆ. ಮನೆಯಲ್ಲಿದ್ದ ಕನ್ನಡವೆಂದರೆ ಆ ಮೂರು ಕಾಗದ.

ಬೆರಳಿಟ್ಟು ಓದಿದೆ. ಮೊದಲನೆಯದರಲ್ಲಿ, "ಸಿಟ್ಟು ಇಳದದ. ನಾ ಎರಡು ಜೀವದಾಕಿ ಆಗೀನಿ. ಹಣ್ಣು ಅದಕ್ಕೇ ಕಳಿಸೀನಿ. ಬಂದು ಕರಕೊಂಡು ಹೋಗ್ರಿ." ಎರಡನೆಯದರಲ್ಲಿ, "ಯಾಕ ಬರಲಿಲ್ಲ? ರೊಟ್ಟಿ ತೆಳ್ಳಗ ಬಡೀತೀನಿ." ಮೂರನೆಯದರಲ್ಲಿ, "ಹುಣ್ಣಿಮಿಗಿ ಕುಬಸ ಇಟ್ಟಾರ. ಮಣಿ ಮ್ಯಾಲ ನನ್ನ ಬಾಜೂಕ ನೀವು ಕೂಡಬೇಕು. ಮತ್ತ ಬರೆಯೋದಿಲ್ಲ." ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಗಂಡನ ಪಕ್ಕ ಮಣೆಯ ಮೇಲೆ ಕೂಡಿಸಿ ಆರತಿ ಮಾಡುವ ದಿನ ಅದು. ಹುಣ್ಣಿಮೆ ಕಳೆದು ಇಪ್ಪತ್ತು ದಿನವಾಗಿತ್ತು. ತಪ್ಪು ಓದಿದೆನೇನೋ ಎಂಬ ಆಸೆಯಿಂದ ಮತ್ತೊಮ್ಮೆ ಓದಿದೆ. ತಪ್ಪಿರಲಿಲ್ಲ. ಒಬ್ಬನೇ ಕೂತು ಅತ್ತೆ.

ಮರುದಿನವೇ ಕಮಲಾಪುರಕ್ಕೆ ಹೋದೆ. ಮಾವನವರು ಕಾಲಿಗೆ ನೀರು ಕೊಟ್ಟು ಒಳಗೆ ಹೋದರು. ಶರಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು, "ಕಾಗದ ಮುಟ್ಟಿದ್ದಿಲ್ಲೇನ್ರಿ?" ಅಂದಳು. ಮುಟ್ಟಿದ್ದವು, ಓದಲು ಬರಲಿಲ್ಲ ಎಂದಿದ್ದರೆ ಅವಳು ನಕ್ಕುಬಿಡುತ್ತಿದ್ದಳೆಂದು ಈಗ ಅನ್ನಿಸುತ್ತದೆ. ಆದರೆ ಒಳಗೆ ಮಾವನವರ ಕಿವಿಯಿತ್ತು. ಓದು ಬಾರದವ ಅನ್ನಿಸಿಕೊಳ್ಳುವುದಕ್ಕಿಂತ ಕಲ್ಲು ಮನಸ್ಸಿನವ ಅನ್ನಿಸಿಕೊಳ್ಳುವುದೇ ವಾಸಿಯೆಂದು ಆ ಗಳಿಗೆಯಲ್ಲಿ ತೋರಿತು.

"ಮುಟ್ಟಿದ್ವು. ಕಚೇರಿ ಕೆಲಸ ಭಾಳ ಇತ್ತು" ಅಂದೆ.

"ಖಾಲಿ ಮಣಿ ಬಾಜೂಕ ಕೂಡಿಸಿ ಆರತಿ ಮಾಡಿದ್ರು" ಎಂದಷ್ಟೇ ಹೇಳಿ ಅವಳು ಒಲೆಯ ಮುಂದೆ ಹೋಗಿ ಕೂತಳು. ರೊಟ್ಟಿ ತೆಳ್ಳಗಿದ್ದವು.

ಬಾಣಂತನ ಮುಗಿಸಿ, ಮಗಳನ್ನೆತ್ತಿಕೊಂಡು ಶರಣಮ್ಮ ಮನೆಗೆ ಬಂದಳು. ಆಮೇಲೆ ಎಷ್ಟೋ ವರ್ಷ ಚೆನ್ನಾಗಿಯೇ ಬಾಳಿದೆವು. ಈಗ ಅವಳ ಕಣ್ಣು ಮಂಜಾಗಿವೆ. ಪತ್ರಿಕೆಯನ್ನು ದಿನಾ ನಾನೇ ಓದಿ ಹೇಳುತ್ತೇನೆ. ಕೇಳುತ್ತ ಕೇಳುತ್ತ ಒಮ್ಮೊಮ್ಮೆ ಅವಳು, "ಎಷ್ಟು ಚಂದ ಓದ್ತೀರಿ. ಆಗ ನನ್ನ ಮೂರೂ ಕಾಗದ ಓದಿ ಹ್ಯಾಂಗ ಸುಮ್ಮ ಕುಂತ್ರಿ?" ಎನ್ನುತ್ತಾಳೆ. ನಾನು ಪುಟ ತಿರುವಿ ಜೋಳದ ಧಾರಣೆ ಓದುತ್ತೇನೆ. ಈ ಬರಹ ಪತ್ರಿಕೆಯಲ್ಲಿ ಅಚ್ಚಾದರೆ ಇದನ್ನೂ ನಾನೇ ಓದಿ ಹೇಳಬೇಕು. ಯಾವ ಸಾಲು ಬಿಟ್ಟು ಓದಬೇಕೆಂದು ಈಗಲೇ ಪೆನ್ಸಿಲಿನಿಂದ ಗುರುತು ಹಾಕುತ್ತ ಬಂದೆ. ಓದಿ ಹೇಳಲು ಒಂದು ಸಾಲೂ ಉಳಿದಿಲ್ಲ.