ಸೋಪು ಮುಟ್ಟಿಸಿಕೊಂಡ ಕಾಫಿ ಪಾತ್ರೆ

ಎಲ್ವಿಯೊನ ಫಜೀತಿಗೆಲ್ಲ ಕಾರಣ ಸ್ಟ್ರಾಬೆರಿ. ಹೆಂಡತಿ ಮಿರೆಲ್ಲಾ ಅವನ ಚುಟ್ಟ ಬಿಡಿಸಿ, ಕೈಗೊಂದು ಇ-ಸಿಗರೇಟು ಕೊಟ್ಟು, ಅದಕ್ಕೆ ಸ್ಟ್ರಾಬೆರಿ ರುಚಿಯ ದ್ರವ ತುಂಬಿಸಿದ್ದಳು. "ಇನ್ನೊಂದ್ಸಲ ಹೊಗೆಸೊಪ್ಪು ಕಣ್ಣಿಗೆ ಬಿತ್ತೋ, ಈ ಮನೇಲಿ ನೀನಿರ್ಬೇಕು, ಇಲ್ಲ ನಾನಿರ್ಬೇಕು" ಎಂಬ ಎಚ್ಚರಿಕೆ ಬೇರೆ. ಟೈಬರ್ ನದಿಯ ಮೇಲ್ಕಣಿವೆಯ ಹೊಗೆಸೊಪ್ಪಿನ ಹೊಲಗಳ ನಡುವೆ ಬೆಳೆದ ಗಂಡಸು ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ನಿಂತು ಪೆಪ್ಪರಮೆಂಟಿನಂತೆ ಘಮಘಮಿಸುವುದೆಂದರೇನು!

ಆ ಭಾನುವಾರ ಮಿರೆಲ್ಲಾ ತನ್ನ ತಾಯಿಯನ್ನು ಕರೆತರಲು ಹೋದಳು. ಎಲ್ವಿಯೊ ಬಚ್ಚಿಟ್ಟಿದ್ದ ಜಾಮ್ ಬಾಟಲಿಯನ್ನು ಹೊರತೆಗೆದ. ಔಷಧಿ ಅಂಗಡಿಯಿಂದ ತಂದ ಮಂದ ದ್ರವದಲ್ಲಿ ಚುಟ್ಟದ ಚೂರುಗಳು ವಾರಗಟ್ಟಲೆ ನೆನೆದು ಕಾಕಂಬಿಯ ಬಣ್ಣ ಬಿಟ್ಟಿದ್ದವು. ಮೂಸಿದ, ಕಣ್ಣಲ್ಲಿ ನೀರೇ ಬಂತು. ಇನ್ನು ಸೋಸಿ ಇ-ಸಿಗರೇಟಿನ ದ್ರವಕ್ಕೆ ಬೆರೆಸಿದರೆ ಸ್ವರ್ಗ. ಆದರೆ ಬಟ್ಟೆಯಲ್ಲಿ ಸೋಸಿದರೆ ಪುಡಿ ಇಳಿಯುತ್ತಿತ್ತು. ಒಲೆಯ ಮೇಲೆ ಅತ್ತೆ ತಮ್ಮ ಮಗಳಿಗೆಂದು ಬಿಟ್ಟುಹೋದ ಕಾಫಿ ಪಾತ್ರೆ ಇತ್ತು, ಒಳಗೆ ಸಣ್ಣ ತೂತಿನ ಜಾಲರಿ. ವಿನಾಶಕಾಲೇ ವಿಪರೀತ ಬುದ್ಧಿ.

ಸೋಸಿದ ಸಾರ ಸೀಸೆ ಸೇರುವಷ್ಟರಲ್ಲಿ ಫೋನು ಬಂತು. "ದಾರೀಲಿದ್ದೀವಿ. ಅಮ್ಮನಿಗೆ ಬಂದ ತಕ್ಷಣ ಅವಳ ಪಾತ್ರೇಲೇ ಕಾಫಿ ಬೇಕಂತೆ."

ಎಲ್ವಿಯೊ ಪಾತ್ರೆಯನ್ನು ಮೂಗಿಗೆ ಹಿಡಿದ. ಚುಟ್ಟದ ಅಂಗಡಿಯಂತೆ ನಾರುತ್ತಿತ್ತು. ನಾತ ಹಾಳಾಗಲಿ, ಅದು ನಿಕೋಟಿನ್, ಹೊಟ್ಟೆಗೆ ಹೋದರೆ ವಿಷ! 'ಅತ್ತೆಗೆ ವಿಷವುಣಿಸಿದ ಅಳಿಯ' ಎಂಬ ಸುದ್ದಿ ಅಚ್ಚಾದದ್ದೇ ಅವನ ಕಣ್ಣಿಗೆ ಕಟ್ಟಿತು.

"ಏನಪ್ಪಾ ಅದು ವಾಸನೆ? ಕುದುರೆ ಲಾಯಕ್ಕೆ ಬೆಂಕಿ ಬಿತ್ತಾ?" ಎಂದು ಪಕ್ಕದ ಮನೆಯ ಪಾಲ್ಮೀರಾ ಬಾಗಿಲಲ್ಲಿ ಮೂಗು ತೂರಿಸಿದಳು. ವಿಷಯ ತಿಳಿದದ್ದೇ ನಿಂಬೆಹಣ್ಣು ತಂದಳು. ಹಿಂದೆಯೇ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ನಜಾರೆನೊ ವಿನೆಗರ್ ಹಿಡಿದು ಬಂದರು. ಉಜ್ಜಿದರು, ಕುದಿಸಿದರು. ಈಗ ಉಪ್ಪಿನಕಾಯಿಗೆ ಚುಟ್ಟ ಹಾಕಿದ ವಾಸನೆ.

ಉಳಿದದ್ದು ಒಂದೇ ದಾರಿ. ಎಲ್ವಿಯೊ ಸೋಪು ಕೈಗೆತ್ತಿಕೊಂಡ.

"ಬೇಡ!" ಎಂದು ಮೇಷ್ಟ್ರು ಚೀರಿದರು. ಕಾಫಿ ಪಾತ್ರೆಯನ್ನು ಬರಿ ನೀರಲ್ಲಿ ತೊಳೆಯಬೇಕು. ಒಳಗೆ ಕಟ್ಟಿದ ಕರಿಯೇ ಕಾಫಿಯ ಪ್ರಾಣ. ಹುಟ್ಟಿದ ಮಗುವಿಗೂ ಆ ಊರಲ್ಲಿ ಅದು ಗೊತ್ತು. ಆದರೆ ಎಲ್ವಿಯೊ ಕಣ್ಣು ಮುಚ್ಚಿ ಉಜ್ಜಿಯೇಬಿಟ್ಟ. ತಲೆಮಾರಿನ ಕರಿ ನೊರೆಯಾಗಿ ಮೋರಿ ಸೇರಿತು. ಪಾತ್ರೆ ಕ್ಷೌರ ಮಾಡಿಸಿಕೊಂಡ ಮದುಮಗನಂತೆ ಹೊಳೆಯಿತು.

ಪಾಲ್ಮೀರಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಕೊಲೆ ಮಾಡಿದ್ರೆ ವಕೀಲನಾದ್ರೂ ಸಿಕ್ತಾನೆ, ಇದಕ್ಕೆ ಯಾರೂ ಸಿಗಲ್ಲ" ಎಂದಳು. ಆಮೇಲೆ ಅವನ ಮುಖ ನೋಡಲಾಗದೆ, "ತಾಳು, ನಂದೂ ಇದೇ ಅಳತೆದು. ಇವತ್ತೊಂದಿನ ಇಟ್ಕೋ" ಎಂದು ತನ್ನ ಪಾತ್ರೆ ತಂದುಕೊಟ್ಟಳು. ಮುಂದಿನ ತಮಾಷೆ ನೋಡದೆ ಹೋಗುವಳೇ? ಅಲ್ಲೇ ಕುರ್ಚಿ ಎಳೆದು ಕೂತಳು.

ಅತ್ತೆ ಓರ್ಸೊಲಾ ಬಂದರು. ಕಾಫಿ ಉಕ್ಕಿ ಬಂತು. ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು. ಮತ್ತೊಂದು ಗುಟುಕು. ಕಣ್ಣಿಂದ ನೀರು ಇಳಿಯತೊಡಗಿತು.

ಎಲ್ವಿಯೊ ತಡೆಯಲಾರದೆ ಹೋದ. "ಕ್ಷಮಿಸಿ ಅತ್ತೆ! ಇದು ನಿಮ್ಮ ಪಾತ್ರೆಯಲ್ಲ. ನಿಮ್ಮದರಲ್ಲಿ ನಾನು ಚುಟ್ಟದ ಸಾರ ಸೋಸಿದೆ. ಆಮೇಲೆ... ಸೋಪು ಹಾಕಿ ತೊಳೆದೆ" ಎಂದು ಒದರಿ, ಹೊಳೆಯುವ ಪಾತ್ರೆಯನ್ನೂ ಸೀಸೆಯನ್ನೂ ಮೇಜಿನ ಮೇಲಿಟ್ಟ. ಮಿರೆಲ್ಲಾಳ ಮುಖ ಕೆಂಪಾಯಿತು.

ಅತ್ತೆ ಅದಾವುದನ್ನೂ ಲೆಕ್ಕಿಸದೆ ಪಾಲ್ಮೀರಾಳ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಳ ನೋಡಿದರು. "ಈ ನೆಗ್ಗು! ನಾನೇ ಬೀಳಿಸಿದ್ದು. ಮಿರೆಲ್ಲಾ ಮದುವೇಲಿ ಎಲ್ರ ಮನೆ ಪಾತ್ರೆ ಒಟ್ಟಾಗಿದ್ವಲ್ಲ, ಅವತ್ತಿಂದ ನನ್ನ ಕಾಫಿ ಕೆಟ್ಟಿತ್ತು. ಅದಲು ಬದಲು ಆಗಿದೆ ಅಂತ ಕೇಳಿದ್ರೆ, ಮುದುಕಿ ನಾಲಗೆ ಸತ್ತಿದೆ ಅಂದಿದ್ದೆಯಲ್ಲೇ ಪಾಲ್ಮೀರಾ!"

ಪಾಲ್ಮೀರಾ ಕುರ್ಚಿಯಿಂದ ಎದ್ದಳು. ಸೋಪಿನಲ್ಲಿ ಬೆಳಗಿದ ಪಾತ್ರೆಯನ್ನೇ, ಅಂದರೆ ತನ್ನದನ್ನೇ, ನೋಡುತ್ತಿದ್ದಳು. ಈಗ ಅಳುವ ಸರದಿ ಅವಳದಾಗಿತ್ತು.

"ನಿನ್ನ ಕೈ ತಣ್ಣಗಿರ್ಲಿ ಅಳಿಯಾ" ಎಂದರು ಅತ್ತೆ, ಅವನ ತಲೆ ಸವರುತ್ತ. "ನೂರು ವರ್ಷ ಬಾಳು!"

"ಬಾಳೇ ಬಾಳ್ತಾನಮ್ಮ, ನಾನು ಬಾಳಿಸ್ತೀನಿ" ಎಂದು ಮಿರೆಲ್ಲಾ ಸೀಸೆಯನ್ನು ಎತ್ತಿ, ಕೊನೆಯ ಹನಿಯವರೆಗೂ ಮೋರಿಗೆ ಸುರಿದಳು.